ಎಮ್ಮೆ ಮೊದಲ ಸಲ ಮೆಲುಕು ಹಾಕಿದ್ದು

ಭೂಮಿಗೆ ಇನ್ನೂ ಹೊಸ ಗಡಿಗೆಯ ವಾಸನೆ ಇದ್ದ ಕಾಲ. ಆಗ ದನಗಳು ಮೆಲುಕು ಹಾಕುತ್ತಿರಲಿಲ್ಲ. ಸಿಕ್ಕಿದ್ದನ್ನು ಗಬಗಬ ನುಂಗುತ್ತಿದ್ದವು, ಮಲಗುತ್ತಿದ್ದವು, ಅಷ್ಟೆ.

ಹೊಳೆಯ ದಂಡೆಯಲ್ಲಿ ಬಾಳವ್ವ ಎಂಬ ಹೆಂಗಸು ಸಕ್ಕರೆಗಡ್ಡೆ ಬೆಳೆಯುತ್ತಿದ್ದಳು. ನಾವು ಪಲ್ಯ ಮಾಡುವ ಕೆಂಪು ಬೀಟ್‌ರೂಟ್ ಇದೆಯಲ್ಲ, ಅದರ ಅಕ್ಕ ಇದು. ಮೈ ಬಿಳಿ, ಒಳಗೆಲ್ಲ ಸಿಹಿ. ಬಾಳವ್ವ ಗಡ್ಡೆಯನ್ನು ತೆಳ್ಳಗೆ ಹೆಚ್ಚಿ, ಬಿಸಿನೀರಿನಲ್ಲಿ ನೆನೆಸಿ, ಸಿಹಿನೀರು ಹಿಂಡಿ ತೆಗೆದು ಕಾಯಿಸುತ್ತಿದ್ದಳು. ಸಕ್ಕರೆ ಅವಳ ಅಡುಗೆಮನೆಗೆ. ಹಿಂಡಿ ಉಳಿದ ಹಿಪ್ಪೆ ದನಗಳ ಗೋದಲಿಗೆ. ಬಾಣಲೆಯ ತಳದಲ್ಲಿ ಸಕ್ಕರೆಯಾಗದೆ ಉಳಿದ ಕಪ್ಪು ಪಾಕ, ಅದೇ ಕಾಕಂಬಿ, ಮೂಲೆಯ ಗಡಿಗೆಗೆ.

ಕೊಟ್ಟಿಗೆಯಲ್ಲಿ ಒಂದು ಕೆಂಪು ಆಕಳು, ಒಂದು ಕರಿ ಎಮ್ಮೆ. ಎರಡಕ್ಕೂ ದಿನಕ್ಕೆ ಒಂದೊಂದು ಬುಟ್ಟಿ ಹಿಪ್ಪೆ. ಎಮ್ಮೆಗೆ ಅದು ರುಚಿಯಾಗಿಯೇ ಇತ್ತು, ಆಕಳು ಕರು ಹಾಕುವವರೆಗೆ.

ಆಕಳು ಕರು ಹಾಕಿದ ಮರುದಿನ ಬಾಳವ್ವ ಅದರ ಹಿಪ್ಪೆಯ ಮೇಲೆ ಒಂದು ಸೌಟು ಕಾಕಂಬಿ ಸುರಿದಳು. ಎಮ್ಮೆ ತನ್ನ ಗೋದಲಿ ನೋಡಿಕೊಂಡಿತು. ಬರೀ ಹಿಪ್ಪೆ. ಮಾರನೆಯ ದಿನವೂ ಆಕಳಿಗೆ ಒಂದು ಸೌಟು, ಎಮ್ಮೆಗೆ ಬರೀ ಹಿಪ್ಪೆ. ಅದರ ಮಾರನೆಯ ದಿನವೂ ಅಷ್ಟೆ.

ಎಮ್ಮೆ ಕೋಡಿನಿಂದ ಗೋದಲಿ ಗುದ್ದಿತು. ಬಾಳವ್ವ ಅದರ ಬೆನ್ನು ತಟ್ಟಿದಳು.

“ಅಕೀ ಹಸಿ ಬಾಣಂತಿ. ನೀ ಈದಾಗ ನಿನಗ ಎರಡು ಸೌಟು ಹಾಕ್ತೀನಿ. ಸುಮ್ನಿರು ನನ್ನವ್ವ.”

ಎಮ್ಮೆಗೆ ದಿನ ತುಂಬಲು ಇನ್ನೂ ಎರಡು ತಿಂಗಳಿತ್ತು. ನನ್ನ ಹೊಟ್ಟೆಯಲ್ಲಿರುವುದು ಕರುವಲ್ಲವೇ, ಅದಕ್ಕೆ ಸಿಹಿ ಬೇಡವೇ ಎಂದು ಅದು ಒಳಗೊಳಗೇ ಕುದಿಯಿತು. ಆಕಳು ಮೂಗಿನ ತುದಿಯವರೆಗೂ ನೆಕ್ಕಿಕೊಂಡು, “ಅಕ್ಕಾ, ಇವತ್ತು ಸಿಹಿ ತುಸು ಜಾಸ್ತಿಯೇ ಆಯ್ತು ನೋಡು,” ಎಂದಿತು. ಎಮ್ಮೆ ಮುಖ ತಿರುಗಿಸಿತು. ತಿರುಗಿಸಿದ ಕಡೆಗೇ ಗಾಳಿ ಕಾಕಂಬಿಯ ವಾಸನೆ ತಂದಿತು.

“ಆ ಕಡೆ ಬೀಸು,” ಎಂದಿತು ಎಮ್ಮೆ.

ನಾನು ಯಾರ ಪರವೂ ಅಲ್ಲ, ದಾರಿಯಲ್ಲಿ ಸಿಕ್ಕಿದ್ದನ್ನು ತರುತ್ತೇನೆ ಎಂದಿತು ಗಾಳಿ. ಹೋಗುವಾಗ, ಹಿತ್ತಿಲಲ್ಲಿ ಹಿಂಡದ ಗಡ್ಡೆಯ ರಾಶಿಯೇ ಬಿದ್ದಿದೆ ಎಂದೂ ಹೇಳಿ ಹೋಯಿತು.

ಮಧ್ಯಾಹ್ನ ಬಾಳವ್ವ ಹೊಲಕ್ಕೆ ಹೋದಳು. ಎಮ್ಮೆ ಗೂಟ ಕಿತ್ತುಕೊಂಡು ಹಿತ್ತಿಲಿಗೆ ಹೋಯಿತು. ಒಂದು ಗಡ್ಡೆ ನುಂಗಿತು. ಆಕಳಿಗೆ ಒಂದು ಸೌಟು ಸಿಕ್ಕಿದ್ದು ನೆನಪಾಯಿತು, ಇನ್ನೊಂದು ನುಂಗಿತು. ಎರಡನೆಯ ಸೌಟು ನೆನಪಾಯಿತು, ಮತ್ತೊಂದು ನುಂಗಿತು. ಅಗಿಯಲಿಲ್ಲ. ನೆನಪು ಮುಗಿಯಲಿಲ್ಲ, ರಾಶಿ ಮುಗಿಯಿತು.

ಸ್ವಲ್ಪ ಹೊತ್ತಿಗೆ ಎಮ್ಮೆಯ ಹೊಟ್ಟೆ ನಗಾರಿಯಂತೆ ಉಬ್ಬಿತು. ಉಸಿರು ಸಿಕ್ಕಿಕೊಂಡಿತು. ಬೆಳಿಗ್ಗೆಯಿಂದ ಒದೆಯುತ್ತಿದ್ದ ಒಳಗಿನ ಕರು ಒದೆಯುವುದನ್ನು ನಿಲ್ಲಿಸಿತು. ಎಮ್ಮೆಗೆ ಕೂಗಲೂ ಆಗಲಿಲ್ಲ. ಕೂಗಿದ್ದು ಆಕಳು. ಹೊಲದ ತುದಿಯವರೆಗೆ ಕೇಳುವಂತೆ ಕೂಗಿತು.

ಬಾಳವ್ವ ಓಡಿ ಬಂದಳು. ಬೈಯುತ್ತಲೇ ಎಮ್ಮೆಯ ಮುಂಗಾಲುಗಳನ್ನು ಕಟ್ಟೆಯ ಮೇಲೆ ಹತ್ತಿಸಿದಳು. ಬೇವಿನ ಕೋಲೊಂದನ್ನು ಬಾಯಿಗೆ ಅಡ್ಡವಿಟ್ಟು, ಎರಡು ತುದಿಗೂ ಹಗ್ಗ ಬಿಗಿದು ಕೋಡಿನ ಹಿಂದೆ ಕಟ್ಟಿದಳು.

“ಅಗಿ. ಕರು ಬೇಕಂದ್ರ ಅಗಿ.”

ಕೋಲು ಕಹಿ. ಎಮ್ಮೆ ಅಗಿಯಿತು. ದವಡೆ ಆ ಕಡೆ ಹೋಯಿತು, ಈ ಕಡೆ ಬಂತು. ಅಗಿದು ಅಗಿದು, ಕೊನೆಗೆ ಡರ್ರನೆ ಒಂದು ತೇಗು ಬಂತು. ಹೊಳೆಯ ಆಚೆ ದಡದ ಕೊಕ್ಕರೆಗಳು ಎದ್ದು ಹಾರಿದವು. ಹೊಟ್ಟೆ ಇಳಿಯಿತು. ಒಳಗಿನಿಂದ ಒಂದು ಪುಟ್ಟ ಒದೆ ಬಿತ್ತು.

ತೇಗಿನ ಜೊತೆ ನುಂಗಿದ್ದೂ ತುಸು ಬಾಯಿಗೆ ಬಂದಿತ್ತು. ಎಮ್ಮೆ ಅದನ್ನು ಅಗಿದು ನೋಡಿತು. ಅವಸರದಲ್ಲಿ ಸಿಗದ ರುಚಿ ಈಗ ಸಿಕ್ಕಿತು. ಬಾಳವ್ವ ಕೋಲು ಬಿಚ್ಚಿ ಕೊಟ್ಟಿಗೆಯಲ್ಲಿ ಕಟ್ಟಿದ ಮೇಲೂ ಅದು ಕಣ್ಣು ಅರೆಮುಚ್ಚಿ ಅಗಿಯುತ್ತಲೇ ಇತ್ತು.

ಆಕಳು ನೋಡಿತು. ಎಮ್ಮೆಯ ಗೋದಲಿ ಖಾಲಿ. ಬಾಯಿ ಮಾತ್ರ ಆಡುತ್ತಿದೆ.

“ಅಕ್ಕಾ, ಏನು ತಿನ್ನುತ್ತಿದ್ದೀ?”

“ಆಗಲೇ ತಿಂದದ್ದನ್ನ.”

“ಎರಡನೇ ಸಲವಾ?”

ಎಮ್ಮೆ ಇನ್ನೊಂದು ತುತ್ತನ್ನು ಹೊಟ್ಟೆಯಿಂದ ಬಾಯಿಗೆ ತಂದುಕೊಂಡಿತು. ಆಕಳಿಗೆ ಮಲಗಿದರೂ ನಿದ್ದೆ ಹತ್ತಲಿಲ್ಲ. ನನಗೊಂದು ಸೌಟು, ಅದಕ್ಕೆ ಎರಡೆರಡು ಊಟವೇ? ಅದೂ ಕತ್ತು ಚಾಚಿತು, ತೇಗಿತು, ಬೆಳಗಾಗುವ ಹೊತ್ತಿಗೆ ಕಲಿತೇ ಬಿಟ್ಟಿತು. ಬೇಲಿಯಾಚೆಯ ಆಡು ಆಕಳನ್ನು ನೋಡಿ ಕರುಬಿತು, ಕಲಿಯಿತು. ಕುರಿ ಆಡನ್ನು ನೋಡಿ ಕಲಿಯಿತು. ಕುದುರೆ ಅಂದು ಹೊಳೆಯಾಚೆ ಮೇಯುತ್ತಿತ್ತು, ಅದಕ್ಕೆ ಇಂದಿಗೂ ಗೊತ್ತಿಲ್ಲ.

ಎರಡು ತಿಂಗಳ ಮೇಲೆ ಎಮ್ಮೆ ಕರು ಹಾಕಿತು. ಬಾಳವ್ವ ಹೇಳಿದಂತೆ ಹಿಪ್ಪೆಯ ಮೇಲೆ ಎರಡು ಸೌಟು ಕಾಕಂಬಿ ಸುರಿದಳು. ಎಮ್ಮೆ ಬಾಯಿ ಹಾಕುವ ಮೊದಲು ಒಮ್ಮೆ ಆಕಳ ಗೋದಲಿ ನೋಡಿತು.

ಅದಕ್ಕೇ ಇಂದಿಗೂ ಖಾಲಿ ಗೋದಲಿಯ ಮುಂದೆ ಮಲಗಿದ ಎಮ್ಮೆಯ ಬಾಯಿ ಆಡುತ್ತಿರುತ್ತದೆ, ಅದನ್ನು ಓರೆಗಣ್ಣಿನಿಂದ ನೋಡಿದ ಪಕ್ಕದ ಆಕಳೂ ಮೆಲುಕು ಹಾಕಲು ತೊಡಗುತ್ತದೆ.