ಹಸಗಲ್ಲಿನ ಉಡಿಹಳ್ಳ

ಹಿರೇಹಸಗಲ್ಲಿನಿಂದ ಚಿಕ್ಕಹಸಗಲ್ಲಿಗೆ ಹೋಗುವ ದಾರಿಯಲ್ಲಿ, ಭತ್ತದ ಗದ್ದೆಗಳು ಮುಗಿದು ಜೋಳದ ಕಪ್ಪು ಎರೆಹೊಲಗಳು ಶುರುವಾಗುವಲ್ಲಿ, ಆಳವಾದ ಒಂದು ಕಾಲುವೆ ಅಡ್ಡಬರುತ್ತದೆ. ನೀರಾವರಿಯವರ ನಕ್ಷೆಯಲ್ಲಿ ಇದು ಬರಿಯ ಬಸಿಗಾಲುವೆ. ಊರವರು ಮಾತ್ರ ಇದನ್ನು ಉಡಿಹಳ್ಳ ಎಂದೇ ಕರೆಯುತ್ತಾರೆ. ಹೆಸರು ಕೇಳಿ ಬಂದ ಹೊಸಬರಿಗೆ ನಿರಾಸೆಯಾಗುವುದು ಸಹಜ. ದಂಡೆಯ ತುಂಬ ಜೇಕಿನ ಹುಲ್ಲು ಬೆಳೆದಿದೆ, ನೀರು ಕಂದುಬಣ್ಣದ್ದು, ಬಾಯಿಗಿಟ್ಟರೆ ಉಪ್ಪು. ದನಗಳು ಮೂಸಿ ನೋಡಿ ಮುಂದೆ ಹೋಗುತ್ತವೆ. ಮಗಳ ಸೆರಗಿಗೆ ತವರು ತುಂಬುವ ಉಡಿಯ ಹೆಸರು ಇಂಥ ನೀರಿಗೆ ಬಂದದ್ದು ಹೇಗೆಂದು ಕೇಳಿದರೆ, ಇಲ್ಲಿನ ಹಿರಿಯರು ಹುಲಿಗೆವ್ವನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಹಿರೇಹಸಗಲ್ಲಿನ ಅಯ್ಯನಗೌಡ ಹೊಳೆಗೆ ಕಲ್ಲಿನ ಒಡ್ಡು ಹಾಕಿಸಿ, ತೂಬು ಇಡಿಸಿ, ಎರಡೂ ಊರಿಗೆ ಕಾಲುವೆ ತಂದನಂತೆ. ಮಳೆಯನ್ನೇ ನಂಬಿದ್ದ ಸೀಮೆ ಭತ್ತ ಕಂಡಿತು. ಗೌಡ ತೀರಿಕೊಂಡಾಗ, ಅವನಿಗೆ ಪ್ರೀತಿಯಾಗಿದ್ದ ಹೊಳೆಸಾಲಿನ ಹೊಲದಲ್ಲಿಯೇ ಅವನನ್ನು ಮಣ್ಣು ಮಾಡಿ, ಮೇಲೊಂದು ಉದ್ದನೆಯ ಹಾಸುಗಲ್ಲು ಹಾಕಿದರು. ಮಗ ವಿರುಪನಗೌಡ ಊರಗೌಡನಾದ. ಮಗಳು ಹುಲಿಗೆವ್ವನನ್ನು ಅದಕ್ಕೂ ಮೊದಲೇ ಚಿಕ್ಕಹಸಗಲ್ಲಿನ ಪಂಪಣ್ಣನಿಗೆ ಕೊಟ್ಟಿದ್ದರು. ತಂದೆಯ ಕಾಲದಲ್ಲಿ ಬೇಸಿಗೆಗೆ ಮುಚ್ಚುತ್ತಿದ್ದ ತೂಬನ್ನು ಮಗ ಮುಚ್ಚಲಿಲ್ಲ. ವರ್ಷವಿಡೀ ನೀರು, ಕೊಯ್ದ ಗದ್ದೆಯಲ್ಲೇ ಮತ್ತೆ ನಾಟಿ. ಹಿರೇಹಸಗಲ್ಲಿನ ಕಣಜಗಳು ತುಂಬಿದವು. ತಗ್ಗಿನಲ್ಲಿದ್ದ ಚಿಕ್ಕಹಸಗಲ್ಲಿನ ಎರೆಮಣ್ಣು ಮಾತ್ರ ಮೇಲಿನಿಂದ ಬಸಿದು ಬಂದ ನೀರನ್ನೆಲ್ಲ ಹಿಡಿದುಕೊಂಡು ಕೂತಿತು. ಮೊದಲು ಬಾವಿಗಳ ನೀರು ಮೇಲೇರಿತು, ಜನ ಹಿಗ್ಗಿದರು. ಆಮೇಲೆ ಆ ನೀರಿನಲ್ಲಿ ಬೇಳೆ ಬೇಯದಾಯಿತು. ಜೋಳ ಮೊಳಕಾಲುದ್ದ ಬಂದು ಹಳದಿಯಾಗಿ ನಿಂತಿತು. ಒಂದು ಬೇಸಿಗೆಯಲ್ಲಿ ಹೊಲಗಳ ಮೇಲೆ ಸುಣ್ಣ ಚೆಲ್ಲಿದ ಹಾಗೆ ಉಪ್ಪಿನ ಸವಳು ಎದ್ದಿತು.

ಊರಮ್ಮನಿಗೆ ಸಿಟ್ಟು ಬಂದಿದೆಯೆಂದು ಜನ ಹರಕೆ ಹೊತ್ತರು. ಪಂಪಣ್ಣ ಮಾತ್ರ ಹೊಲಗಳ ಅಂಚು ಹಿಡಿದು ನಡೆದು ನೋಡಿ, ನೀರು ನಿಂತಲ್ಲೆಲ್ಲ ಬಿಳುಪು ಏಳುತ್ತಿರುವುದನ್ನು ಕಂಡುಕೊಂಡ. ಊರ ನಾಲ್ಕು ಜನರೊಡನೆ ಭಾವಮೈದುನನ ಬಳಿ ಹೋಗಿ, ಬೇಸಿಗೆಯಲ್ಲಾದರೂ ತೂಬು ಮುಚ್ಚಿಸು ಎಂದು ಕೇಳಿಕೊಂಡ. ನೀರಿನಿಂದ ಭೂಮಿ ಕೆಟ್ಟದ್ದನ್ನು ಎಲ್ಲಿಯಾದರೂ ಕಂಡಿದ್ದೀರಾ ಎಂದು ಗೌಡ ನಕ್ಕ. ಮರುವರ್ಷ ಹೋದಾಗ ನಗಲಿಲ್ಲ. ತನ್ನ ತಂದೆ ಮಾಡಿದ ಪುಣ್ಯಕ್ಕೆ ಕೆಟ್ಟ ಹೆಸರು ತರಲು ಬಂದಿದ್ದೀರಿ ಎಂದು ಬೈದು ಕಳಿಸಿದ. ಕೆಲವು ಮನೆಗಳವರು ಆ ಹೊತ್ತಿಗಾಗಲೇ ಬಂಡಿ ಕಟ್ಟಿ ಊರು ಬಿಟ್ಟಿದ್ದರು. ಉಳಿದವರು ಒಂದು ನಿರ್ಧಾರಕ್ಕೆ ಬಂದರು. ಪಂಚಮಿ ಹಬ್ಬ ಕಳೆದ ಮರುದಿನ ಹೊಳೆಗೆ ಹೋಗಿ ಒಡ್ಡನ್ನೇ ಒಡೆಯುವುದು, ತಡೆಯಲು ಬಂದವರನ್ನು ನೋಡಿಕೊಳ್ಳುವುದು. ಮುಂದೆ ನಿಂತವನು ಪಂಪಣ್ಣ.

ಹುಲಿಗೆವ್ವನಿಗೆ ಇದು ತಿಳಿದಿತ್ತು. ಎಂದಿನಂತೆ ಅಣ್ಣ ಬಂಡಿ ಕಳಿಸಿದ, ಅವಳು ಪಂಚಮಿಗೆ ತವರಿಗೆ ಹೋದಳು. ಅಣ್ಣನಿಗೆ ಹೇಳಿದರೆ ಗಂಡನ ಕಡೆಯವರು ಹೊಳೆಯ ದಂಡೆಯಲ್ಲೇ ಹೆಣವಾಗುತ್ತಾರೆ. ಹೇಳದಿದ್ದರೆ ಒಡ್ಡು ಹೋಗಿ ಎರಡೂ ಊರು ಉಪವಾಸ ಬೀಳುತ್ತವೆ. ಹಬ್ಬದುದ್ದಕ್ಕೂ ಅವಳು ಜೋಕಾಲಿ ಏರಲಿಲ್ಲ, ಉಂಡೆ ಮುಟ್ಟಲಿಲ್ಲ ಎನ್ನುತ್ತಾರೆ. ಹಬ್ಬದ ಮರುದಿನ, ಹೊರಡುವ ಹೊತ್ತಿಗೆ, ಅತ್ತಿಗೆ ಮೊರದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ತಂದು ನಿಂತರೆ ಹುಲಿಗೆವ್ವ ಸೆರಗು ಒಡ್ಡಲಿಲ್ಲ. ಕಡಿಮೆಯಾಯಿತೇ, ಬಂಗಾರ ಬೇಕೇ ಎಂದು ಅಣ್ಣ ಕೇಳಿದ.

“ಅಕ್ಕಿ ಬ್ಯಾಡಣ್ಣ. ಬ್ಯಾಸಿಗ್ಯಾಗ ತೂಬು ಮುಚ್ಚು. ಅಪ್ಪನ ಹೊಲದಾಗ ನಮ್ಮ ನೀರು ಹೊಳಿಗೆ ಹೋಗಾಕ ಒಂದು ದಾರಿ ಕೊಡು. ನನ್ನ ಉಡಿಗೆ ಅಷ್ಟು ಹಾಕು, ಸಾಕು.”

ವಿರುಪನಗೌಡನ ಮುಖ ಕಪ್ಪಿಟ್ಟಿತು. ಚಿಕ್ಕಹಸಗಲ್ಲಿನ ತಗ್ಗಿಗೂ ಹೊಳೆಗೂ ನಡುವೆ ಇದ್ದದ್ದು ಆ ಹೊಲವೊಂದೇ. ಅಗೆದರೆ ಅದರ ನಟ್ಟನಡುವೆ ಅಗೆಯಬೇಕು, ಅಲ್ಲಿ ಅಪ್ಪನ ಸಮಾಧಿ ಇತ್ತು. ಅದೊಂದನ್ನು ಬಿಟ್ಟು ಬೇರೇನಾದರೂ ಕೇಳು ಎಂದ. ಅವಳು ಬೇರೇನೂ ಕೇಳಲಿಲ್ಲ. ಓಣಿಯ ಹೆಂಗಸರೆಲ್ಲ ನೋಡುತ್ತಿದ್ದಂತೆ ಬರಿಯ ಉಡಿಯಲ್ಲಿ ಹೊಸ್ತಿಲು ದಾಟಿದಳು. ಗಂಡನ ಊರಿನ ದಾರಿಯನ್ನೂ ಹಿಡಿಯದೆ ನೆಟ್ಟಗೆ ಹೊಳೆಗೆ ಹೋಗಿ, ಒಡ್ಡಿನ ಮೇಲೆ ತೂಬಿನ ಪಕ್ಕ ಕೂತಳು.

ಹೊತ್ತು ಇಳಿಯುವಾಗ ಪಂಪಣ್ಣನೂ ಅವನ ಜನರೂ ಹಾರೆ ಹಿಡಿದು ಬಂದರು. ಹೆಂಡತಿಯನ್ನು ಅಲ್ಲಿ ಕಂಡು ಅವನಿಗೆ ದಿಕ್ಕು ತೋಚಲಿಲ್ಲ. ಏಳು ಎಂದ, ಬೇಡಿಕೊಂಡ, ಗದರಿದ. ಅವಳು ಕದಲಲಿಲ್ಲ. ಅಷ್ಟರಲ್ಲಿ ಆಚೆ ದಂಡೆಯಲ್ಲಿ ವಿರುಪನಗೌಡ ಕಾಣಿಸಿಕೊಂಡ. ತಂಗಿ ಬರಿಯ ಉಡಿಯಲ್ಲಿ ಹೋದ ಅವಮಾನ ತಡೆಯದೆ ಅವಳನ್ನು ಕರೆದೊಯ್ಯಲು ಬಂದವನು ಅವನು. ಹಿಂದೆ ಊರ ಗಂಡಸರೂ ಇದ್ದರು. ಹಾರೆಗಳನ್ನು ಕಂಡೊಡನೆ ಅವರ ಕೈಗೆ ಬಡಿಗೆಗಳು ಬಂದವು. ಯಾರೋ ಒಬ್ಬ ಕಲ್ಲು ಎತ್ತಿದ. ಗೌಡ ತಂಗಿಯನ್ನೇ ನೋಡುತ್ತಿದ್ದ. ಇವಳಿಗೆ ಎಲ್ಲ ಗೊತ್ತಿತ್ತು, ಆದರೂ ಹೇಳಲಿಲ್ಲ; ಗಂಡನನ್ನು ಹಿಡಿದುಕೊಡಲಿಲ್ಲ, ಅಪ್ಪನ ಒಡ್ಡನ್ನು ಬಿಟ್ಟುಕೊಡಲೂ ಇಲ್ಲ ಎಂಬುದು ಅವನಿಗೆ ಆಗ ತಿಳಿಯಿತು.

“ಅಪ್ಪ ನೀರು ಬರೂ ದಾರಿ ಮಾಡಿದ,” ಎಂದಳು ಹುಲಿಗೆವ್ವ. “ಹೋಗೂ ದಾರಿ ಮಾಡೂದಕ್ಕ ಮೊದಲ ಅವನ ಆಯುಷ್ಯ ತೀರಿತು. ಅದನ್ನ ಮಾಡಾವರು ನಾವಲ್ಲೇನು?”

ಗೌಡ ಒಡ್ಡಿನ ಮೇಲೆ ನಡೆದು ಬಂದು ಪಂಪಣ್ಣನ ಕೈಯಿಂದ ಹಾರೆ ಕಿತ್ತುಕೊಂಡ. ಹೊಡೆದೇಬಿಟ್ಟ ಎಂದು ಎರಡೂ ಕಡೆಯವರು ಮುಂದೆ ನುಗ್ಗಿದರು. ಅವನು ಯಾರನ್ನೂ ನೋಡದೆ ದಂಡೆ ಇಳಿದು ಹೊಳೆಸಾಲಿನ ಹೊಲಕ್ಕೆ ಹೋದ. ತಂದೆಯ ಸಮಾಧಿಯ ಮುಂದೆ ಮೊಳಕಾಲೂರಿ ಹಣೆ ಹಚ್ಚಿದ. ಆಮೇಲೆ ಎದ್ದು, ಹಾಸುಗಲ್ಲಿನ ಕೆಳಗೆ ಹಾರೆ ತೂರಿಸಿ ಮೀಟಿದ. ಒಬ್ಬನ ಕೈಯಲ್ಲಿ ಏಳುವ ಕಲ್ಲಲ್ಲ ಅದು. ಮೊದಲು ಹೋಗಿ ಹೆಗಲು ಕೊಟ್ಟವನು ಪಂಪಣ್ಣ.

ಅಯ್ಯನಗೌಡನ ಅಸ್ಥಿಯನ್ನು ದಿಬ್ಬಕ್ಕೆ ಒಯ್ದು ಮತ್ತೆ ಮಣ್ಣು ಮಾಡಿ, ಆ ಸುಗ್ಗಿ ಮುಗಿಯುವುದರೊಳಗೆ ಹೊಳೆಯವರೆಗೂ ಕಾಲುವೆ ಅಗೆದರಂತೆ. ಮೊದಲ ಉಪ್ಪುನೀರು ಹರಿದ ದಿನ ಅತ್ತಿಗೆ ಅದೇ ದಂಡೆಯಲ್ಲಿ ಹುಲಿಗೆವ್ವನ ಉಡಿ ತುಂಬಿದಳು. ಉಡಿಹಳ್ಳ ಎಂಬ ಹೆಸರು ಅಂದಿನಿಂದ ಬಂತು. ಬೇಸಿಗೆಯ ಭತ್ತ ಹೋಯಿತೆಂದು ಹಿರೇಹಸಗಲ್ಲಿನವರು ಬಹುಕಾಲ ಗೊಣಗಿದರು. ಚಿಕ್ಕಹಸಗಲ್ಲಿನ ಹೊಲಗಳು ಮಳೆಯಿಂದ ಮಳೆಗೆ ಒಂದಿಷ್ಟಿಷ್ಟೇ ತೊಳೆದು ತಿಳಿಯಾದವು. ಎಲ್ಲವೂ ಅಲ್ಲ, ಊರ ಮೂಡಲಿಗೆ ಒಂದು ಪಟ್ಟಿ ಇಂದಿಗೂ ಬಿಳಿಯಾಗಿಯೇ ಇದೆ.

ಈಗ ಹೋದವರು ಉಡಿಹಳ್ಳವನ್ನು ದಾಟುವುದು ಆ ಹಾಸುಗಲ್ಲಿನ ಮೇಲೆಯೇ. ಗೌಡ ಅದನ್ನು ಎರಡು ದಂಡೆಗೆ ಅಡ್ಡ ಹಾಕಿಸಿದ. ಎರಡೂ ಊರಿನವರು ಅಲ್ಲಿಗೆ ಬಂದೊಡನೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿಯುತ್ತಾರೆ. ಹೊರಗಿನವರು ತಿಳಿಯದೆ ಮೆಟ್ಟಿಕೊಂಡೇ ದಾಟಿಬಿಡುತ್ತಾರೆ, ಅದಕ್ಕೆ ಯಾರೂ ಬೈಯುವುದಿಲ್ಲ. ಕಲ್ಲು ನಡುವೆ ಸವೆದು ತುಸು ತಗ್ಗಾಗಿದೆ. ಅದರ ಅಡಿಯಲ್ಲಿ, ಮಳೆಗಾಲ ಬೇಸಿಗೆ ಎನ್ನದೆ, ಊರಿನ ಉಪ್ಪು ಹೊಳೆಯ ಕಡೆಗೆ ಹರಿದು ಹೋಗುತ್ತಲೇ ಇರುತ್ತದೆ.