ಗದ್ದದ ಗುಳಿಯ ತಂಬೂರಿ

ಬನ್ನಿ, ಬನ್ನಿ, ಒತ್ತಿಕೊಂಡು ಕೂತ್ಕೊಳ್ಳಿ. ಏಯ್ ಮೂಲೆಯವಳೇ, ಆ ಕಡಲೆಕಾಯಿ ಮೊದಲು ತಿಂದು ಮುಗಿಸು. ನೀನು ಕಟಕಟ ಅನ್ನಿಸ್ತಾ ಇದ್ದರೆ ನನಗೆ ಕಥೆಯೇ ಮರೆತುಹೋಗುತ್ತೆ. ಮುಗೀತಾ? ಸರಿ, ಕೇಳಿ.

ಹೂವಿನಕೆರೆ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ರಾಜನಿಗೆ ಒಬ್ಬಳೇ ಮಗಳು, ಮುದ್ದಾಜಿ ಅಂತ. ಹಾಡಿಕೊಂಡೇ ಏಳೋಳು, ಹಾಡಿಕೊಂಡೇ ಉಣ್ಣೋಳು, ಹಾಡ್ತಾ ಹಾಡ್ತಾನೇ ಅಮ್ಮನ ಮಡಿಲಲ್ಲಿ ನಿದ್ದೆ ಹೋಗೋಳು. ಅಂಥ ಮಗುವಿನ ಅಮ್ಮ ಜ್ವರ ಬಂದು ತೀರಿಕೊಂಡಳು. ಅವತ್ತಿಂದ ಮುದ್ದಾಜಿ ಬಾಯಿ ಬಿಡಲಿಲ್ಲ. ಹಾಡೂ ಇಲ್ಲ, ಮಾತೂ ಇಲ್ಲ. ಒಂದು ಸಲ 'ಅಪ್ಪಾ' ಅಂದರೆ ಸಾಕು ಅಂತ ರಾಜ ಹಂಬಲಿಸಿ ಹಂಬಲಿಸಿ ಸೊರಗಿಹೋದ.

ವೀಣೆಯವರನ್ನು ಕರೆಸಿದರು. ಮಗು ಕಿಟಕಿಯಾಚೆ ನೋಡ್ತಾ ಕೂತಿತ್ತು. ಕೊಳಲಿನವರನ್ನು ಕರೆಸಿದರು. ಮಗು ಕಿಟಕಿಯಾಚೆ ನೋಡ್ತಾ ಕೂತಿತ್ತು. ಮಾತಾಡೋ ಗಿಣಿ ತಂದರು. ಗಿಣಿ ಬಾಯಿ ನೋಯುವಷ್ಟು ಮಾತಾಡಿತು, ಮಗು ಮಾತ್ರ ಕಿಟಕಿಯಾಚೆ ನೋಡ್ತಾನೇ ಕೂತಿತ್ತು.

ಅರಮನೆಯ ವಾದ್ಯಗಳನ್ನೆಲ್ಲ ನೋಡಿಕೊಳ್ಳೋಕೆ ಲಿಂಗರಸ ಅಂತ ಒಬ್ಬ ಗುರಿಕಾರ ಇದ್ದ. ಮೀಸೆ ದೊಡ್ಡದು, ಮಾತು ಅದಕ್ಕಿಂತ ದೊಡ್ಡದು. ಅವನು ಒಂದು ದಿನ ಸಂತೆಗೆ ಹೋದಾಗ ಮಡಕೆಯ ರಾಶಿಯ ಪಕ್ಕ ಒಂದು ತಂಬೂರಿ ಕಂಡ. ಸೋರೆ ಬುರುಡೆ, ಹಲಸಿನ ದಂಡಿ, ನಾಲ್ಕು ತಂತಿ, ಅಷ್ಟೇ. ಬಣ್ಣ ಇಲ್ಲ, ಚಿತ್ತಾರ ಇಲ್ಲ. ಸುಮ್ಮನೆ ತಂತಿ ಮೀಟಿದ. ಅಯ್ಯೋ ದೇವರೇ, ಆ ನಾದ! ಮೀಸೆಯ ಕೂದಲೂ ನೆಟ್ಟಗಾಯಿತಂತೆ. ತಂದು ಮಗುವಿನ ಮುಂದೆ ಇಟ್ಟ.

ಮುದ್ದಾಜಿ ತಂಬೂರಿಯನ್ನು ತಬ್ಬಿಕೊಂಡಳು. ಬುರುಡೆಗೆ ದಂಡಿ ಸೇರೋ ಕಡೆ ಒಂದು ಪುಟ್ಟ ಗುಳಿ ಇತ್ತು. ಅದರೊಳಗೆ ಗದ್ದ ಊರಿ, ಕಣ್ಣು ಮುಚ್ಚಿ, ತಂತಿ ಮೀಟಿದಳು. ಮೀಟ್ತಾ ಮೀಟ್ತಾ, 'ಮ್‌... ಮ್‌...' ಅಂತ ಅವಳ ಗಂಟಲಿಂದ ಒಂದು ಎಳೆ ಬಂತು. ಅದು ಅವಳಮ್ಮನ ಜೋಗುಳದ ಎಳೆ! ಪಕ್ಕದಲ್ಲಿದ್ದ ದಾದಿ ಸಾತವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ರಾಜ ಓಡೋಡಿ ಬಂದ.

"ಯಾರು ಮಾಡಿದ್ದು ಇದನ್ನ? ಅವರ ಕಾಲಿಗೆ ಬೀಳ್ತೀನಿ ನಾನು!"

ಲಿಂಗರಸನ ಬಾಯಲ್ಲಿ ನೀರೂರಿತು. "ನಾನೇ ಬುದ್ಧೀ. ಹಗಲೂ ರಾತ್ರಿ ಕೂತು ಈ ಕೈಯಾರೆ ಮಾಡಿದೆ."

ನೋಡಿದಿರಾ? ಒಂದೇ ಒಂದು ಸುಳ್ಳು. ಆದರೆ ಸುಳ್ಳು ಹೇಳಿದವನಿಗೆ ನೆಮ್ಮದಿ ಎಲ್ಲಿ? ಎಲ್ಲರೂ ಬಂದು ತಂಬೂರಿ ನೋಡೋರೇ. ನೋಡಿದವರೆಲ್ಲ 'ಇದೇನು ಗುರಿಕಾರರೇ, ಇಲ್ಲೊಂದು ಗುಳಿ?' ಅನ್ನೋರೇ. ಲಿಂಗರಸನಿಗೆ ನಾಚಿಕೆ. ಮಾರನೇ ದಿನವೇ ಗುಳಿಗೆ ಅರಗು ತುಂಬಿ ನುಣ್ಣಗೆ ಮಾಡಿದ. ಮಗು ಗದ್ದ ಊರಿತು. ಗದ್ದ ಜಾರಿತು. ಹಾಡು ನಿಂತಿತು.

"ಅಂದ ಸಾಲದು ಬುದ್ಧೀ" ಅಂತ ಅದರ ಮೇಲೆ ಚಿನ್ನದ ರೇಕು ಹಚ್ಚಿದ. ಗದ್ದ ಜಾರಿತು. ಹಾಡು ಬರಲಿಲ್ಲ.

"ಇನ್ನೂ ಅಂದ ಬೇಕು ಬುದ್ಧೀ" ಅಂತ ರೇಕಿನ ಮೇಲೆ ಹರಳು ಕೂರಿಸಿದ. ಗದ್ದಕ್ಕೆ ಹರಳು ಚುಚ್ಚಿತು. ಮುದ್ದಾಜಿ ತಂಬೂರಿಯನ್ನು ದೂರ ತಳ್ಳಿ, ಮತ್ತೆ ಕಿಟಕಿಯಾಚೆ ನೋಡ್ತಾ ಕೂತಳು. ಪಾಪದ ಕೂಸು! ಸಿಕ್ಕಿದ್ದ ಅಮ್ಮನನ್ನು ಇನ್ನೊಂದು ಸಲ ಕಳಕೊಂಡಹಾಗೆ ಆಯಿತು ಅದಕ್ಕೆ.

ರಾಜನಿಗೆ ಏನೂ ತಿಳಿಯಲಿಲ್ಲ. ಸಾತವ್ವನಿಗೆ ತಿಳಿಯಿತು. ಮಗುವಿನ ಗದ್ದ ಏನು ಹುಡುಕ್ತಿದೆ ಅಂತ ಎತ್ತಿ ಆಡಿಸಿದವಳಿಗೆ ಗೊತ್ತಾಗಲ್ವಾ? ತಾನೇ ಮಾಡಿದವನು ತನ್ನ ಕೆಲಸವನ್ನು ತಾನೇ ಹೀಗೆ ಹಾಳು ಮಾಡ್ತಾನಾ? ಅವಳು ರಾಜನ ಕಿವಿಯಲ್ಲಿ ಏನೋ ಉಸುರಿ, ತುಂಬಿದ ಸಭೆಗೆ ತಂಬೂರಿ ಹೊತ್ತು ತಂದಳು.

"ಬುದ್ಧೀ, ಈ ಅರಗಿನ ಕೆಳಗೆ ಒಂದು ಗುಳಿ ಇದೆ. ರಾಜಕುಮಾರಿಯ ತಂಬೂರಿಯಲ್ಲಿ ಗುಳಿ! ಯಾರು ತೋಡಿದ್ದು ಇದನ್ನ?"

ರಾಜ ಹುಬ್ಬು ಗಂಟಿಕ್ಕಿ ಗುಡುಗಿದ. "ತೋಡಿದವನು ಯಾರೇ ಆಗಲಿ, ಎಳೆದು ತನ್ನಿ. ಕೈಗೆ ಕೋಳ ಹಾಕಿ!"

ಲಿಂಗರಸ ಎರಡೂ ಕೈ ಜೋಡಿಸಿಕೊಂಡು ಮುಂದೆ ಓಡಿಬಂದ. "ನಾನಲ್ಲ ಬುದ್ಧೀ! ನಾನು ಮುಚ್ಚಿದವನು, ತೋಡಿದವನಲ್ಲ! ಸಂತೆಯಲ್ಲಿ ಕೊಂಡಾಗಲೇ ಇತ್ತು. ಸೊರೆಹಟ್ಟಿಯ ಆ ಕಿವುಡ ಸಿದ್ದಾಚಾರಿ ಮಾಡಿರೋದು ಅಂತ ಮಾರಿದವನೇ ಹೇಳಿದ!"

ಅಂದವನೇ ಬಾಯಿ ಮುಚ್ಚಿಕೊಂಡ. ಮುಚ್ಚಿ ಏನು ಬಂತು? ಸಭೆಗೆ ಸಭೆಯೇ ಕೇಳಿಸಿಕೊಂಡಾಗಿತ್ತು.

"ಹಗಲೂ ರಾತ್ರಿ ಕೂತು ಮಾಡಿದ್ರಂತಲ್ಲ, ಗುರಿಕಾರರೇ?" ಅಂದಳು ಸಾತವ್ವ. ಆದರೆ ಅವಳೂ ಬೆರಗಾಗಿದ್ದಳು, ರಾಜನೂ ಬೆರಗಾಗಿದ್ದ. ಕಿವುಡನಾ? ಕಿವಿ ಕೇಳದವನು ಈ ನಾದ ಮಾಡಿದನಾ?

ರಾಜ ಮಗಳನ್ನು ಕರಕೊಂಡು, ತಂಬೂರಿ ಎತ್ತಿಕೊಂಡು ಸೊರೆಹಟ್ಟಿಗೆ ಹೊರಟ. ಊರ ಕೊನೆಯಲ್ಲಿ ಒಂದು ಚಪ್ಪರ. ಚಪ್ಪರದ ತುಂಬ ಸೋರೆ ಬುರುಡೆಗಳು ತೂಗಾಡ್ತಿವೆ. ಅದರ ಕೆಳಗೆ ಹಲಗೆಯ ಮೇಲೆ ಬೆನ್ನು ಹಾಕಿ ಕೂತು ಒಬ್ಬ ದಂಡಿ ಕೆತ್ತುತ್ತಿದ್ದಾನೆ.

ಭಟ ಕೂಗಿದ, "ಆಚಾರೀ!" ತಿರುಗಲಿಲ್ಲ. ಕಹಳೆಯವನು ಊದಿದ. ಬುರುಡೆಗಳೆಲ್ಲ ಅಲ್ಲಾಡಿದವು, ಆಚಾರಿ ತಿರುಗಲಿಲ್ಲ. ರಾಜನೇ ಕರೆದ, "ಸಿದ್ದಾಚಾರೀ!" ಊಹೂಂ, ತಿರುಗಲಿಲ್ಲ.

ಆಗ ಮುದ್ದಾಜಿ ಮೆಲ್ಲಗೆ ಹೋಗಿ, ಅವನು ಕೂತಿದ್ದ ಹಲಗೆಯ ತುದಿಗೆ ಬುರುಡೆ ಊರಿ ತಂತಿ ಮೀಟಿದಳು. ಹಲಗೆ ನಡುಗಿತು. ಆಚಾರಿ ತಟ್ಟನೆ ತಿರುಗಿದ. ಮಗುವನ್ನು ನೋಡಿ ನಕ್ಕ. ಆಮೇಲೆ ತಂಬೂರಿ ನೋಡಿದ. ನಗು ಮಾಯವಾಯಿತು.

"ಯಾವೋನವ್ವಾ ಇಲ್ಲಿ ಮೆತ್ತಿದೋನು? ಇದರ ಉಸಿರೇ ಕಟ್ಟಿಸಿಬಿಟ್ಟಿದಾನಲ್ಲ!" ಕಿವುಡರ ಗಂಟಲಲ್ವಾ, ಊರಿಗೆಲ್ಲ ಕೇಳುವಹಾಗೆ ಕೂಗಿದ. ಉಳಿ ತಗೊಂಡು ಹರಳು ಕಿತ್ತ, ರೇಕು ಕೆರೆದ, ಅರಗು ತೆಗೆದ. ಪುಟ್ಟ ಗುಳಿ ಮತ್ತೆ ಕಂಡಿತು. ಅದರೊಳಗೆ ಗದ್ದ ಊರಿ, ಕಣ್ಣು ಮುಚ್ಚಿ, ತಂತಿ ಮೀಟಿದ. ಥೇಟ್ ಮುದ್ದಾಜಿ ಮಾಡ್ತಿದ್ದಹಾಗೇ!

ಅವನು ಕೇಳ್ತಿದ್ದದ್ದು ಹಾಗೆ, ಮಕ್ಕಳೇ. ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತು. ನಾದ ಗದ್ದದಿಂದ ಹತ್ತಿ ಮೂಳೆಗೆ, ಮೂಳೆಯಿಂದ ಎದೆಗೆ ಇಳೀತಿತ್ತು. ಅದಕ್ಕೇ ಮಾಡೋ ಪ್ರತಿ ತಂಬೂರಿಗೂ ಗದ್ದ ಊರೋಕೆ ಒಂದು ಗುಳಿ ತೋಡ್ತಿದ್ದ. ಹೆಸರು ಕೆತ್ತುತ್ತಿರಲಿಲ್ಲ. ಆ ಗುಳಿಯೇ ಅವನ ಗುರುತು.

ಮುದ್ದಾಜಿ ಅವನ ಪಕ್ಕ ಕೂತಳು. ಗುಳಿಯನ್ನು ಅವನಿಗೇ ಬಿಟ್ಟಳು. ತಾನು ಬುರುಡೆಗೆ ಬಾಯಿ ತಾಗಿಸಿ ಹಾಡಿದಳು. ಬರೀ 'ಮ್‌' ಅಲ್ಲ, ಅಮ್ಮ ಹಾಡ್ತಿದ್ದ ಜೋಗುಳವನ್ನು ಮೊದಲಿಂದ ಕೊನೇವರೆಗೆ ಹಾಡಿದಳು. ಆಚಾರಿ ಅಲ್ಲಾಡದೆ ಕೂತಿದ್ದ. ಕೆನ್ನೆ ಮೇಲೆ ಕಣ್ಣೀರು ಇಳಿದು ಗುಳಿಯಲ್ಲಿ ನಿಂತಿತು. ಎಷ್ಟೋ ತಂಬೂರಿ ಮಾಡಿದ್ದ, ಪಾಪ. ಆದರೆ ಕಿವಿ ಹೋದಮೇಲೆ ಒಬ್ಬರೂ ಅವನಿಗೆ ಕೇಳುವಹಾಗೆ ಹಾಡಿರಲಿಲ್ಲ.

"ಬಂತವ್ವಾ" ಅಂದ. ಈ ಸಲ ಕೂಗಲಿಲ್ಲ, ಮೆಲ್ಲಗೇ ಅಂದ. "ನಿನ್ನ ಹಾಡು ಬಂತು ನನಗೆ."

ಮುದ್ದಾಜಿ ತಿರುಗಿ ನೋಡಿದಳು. "ಅಪ್ಪಾ, ಇವರಿಗೆ ಕೇಳಿಸ್ತು!" ಅಂದಳು.

'ಅಪ್ಪಾ' ಅಂದಳು ಕಣ್ರೋ! ರಾಜ ಅಲ್ಲೇ ಕೆತ್ತಿದ ಮರದ ಸಿಪ್ಪೆಯ ರಾಶಿಯ ಮೇಲೆ ಕೂತುಬಿಟ್ಟ. ಕಾಲಿಗೆ ಬೀಳ್ತೀನಿ ಅಂದಿದ್ದನಲ್ಲ, ಬಿದ್ದೇಬಿಟ್ಟ. ಆಚಾರಿ ಗಾಬರಿಯಾಗಿ ಉಳಿ ಬಿಸಾಕಿ ಅವನನ್ನು ಎತ್ತಿ ನಿಲ್ಲಿಸಿದ.

ಲಿಂಗರಸನಿಗೆ ಕೋಳ ಹಾಕಲಿಲ್ಲ. ಮುದ್ದಾಜಿ ಹಾಡೋಕೆ ಕೂತಾಗಲೆಲ್ಲ ಅವನು ಸಭೆಯ ನಡುವೆ ನಿಂತು, "ಈ ತಂಬೂರಿ ಮಾಡಿದವನು ಸೊರೆಹಟ್ಟಿಯ ಸಿದ್ದಾಚಾರಿ, ನಾನಲ್ಲ" ಅಂತ ಗಟ್ಟಿಯಾಗಿ ಹೇಳಬೇಕು. ಅದೇ ಶಿಕ್ಷೆ. ಮೊದಮೊದಲು ಗೊಣಗುತ್ತಿದ್ದನಂತೆ. ಬರಬರುತ್ತಾ ಅವನೇ ಎಲ್ಲರಿಗಿಂತ ಮುಂಚೆ ಬಂದು ನಿಲ್ಲುತ್ತಿದ್ದನಂತೆ.

ಅದಕ್ಕೇ ಹೇಳೋದು, ಮಕ್ಕಳೇ. ಇನ್ನೊಬ್ಬರ ಕೈಕೆಲಸಕ್ಕೆ ನಿಮ್ಮ ಹೆಸರು ಅಂಟಿಸಬೇಡಿ. ಇಂಪಾದದ್ದು ಏನಾದರೂ ಕಿವಿಗೆ ಬಿದ್ದರೆ, ಮಾಡಿದವರು ಯಾರು ಅಂತ ಕೇಳಿ, ಹುಡುಕಿಕೊಂಡು ಹೋಗಿ, ಅವರಿಗೆ ಕೇಳುವಹಾಗೆ ಒಂದು ಸಲ ಹಾಡಿ ಬನ್ನಿ.