ಬಿಳಿ ಕುರಿಯ ಕಪ್ಪು ಮರಿ

"ಕೇಳಿರಯ್ಯಾ ಊರವರೇ! ಕುವರಿ ಕೇತಲೆಯ ಮೂರು ಒಗಟು ಬಿಡಿಸಿದವನಿಗೆ ಕುವರಿಯೂ ಅರ್ಧ ರಾಜ್ಯವೂ ಸಲ್ಲುವುದು. ತಪ್ಪಿದವನ ತಲೆ ಅಮಾವಾಸ್ಯೆಗೆ ಹೋಗುವುದು. ಯಾರೂ ಬಿಡಿಸದಿದ್ದರೆ ಅದೇ ದಿನ ರಾಣಿ ಮಾಳಲದೇವಿಗೆ ಕಾಡೇ ಗತಿ!"

ಡಂಗುರ ಹರಿಗೋಲಪುರದ ಬೀದಿಬೀದಿ ಸುತ್ತಿತು. ಕೇತಲೆಗೆ ಹುಟ್ಟಿನಿಂದ ಕಿವಿ ಕೇಳಿಸದು. ಬಸುರಿಯಾಗಿದ್ದಾಗ ರಾಣಿ ಗ್ರಹಣ ನೋಡಿದ್ದೇ ಕಾರಣವೆಂದು ಜೋಯಿಸರು ಹೇಳಿದ್ದರು. ಅದನ್ನು ನಂಬಿ ದೊರೆ ವೀರಮಲ್ಲ ಹೆಂಡತಿಯನ್ನು ಬುರುಜಿನಲ್ಲಿ ಕೂಡಿಹಾಕಿದ್ದ. ತನ್ನ ಒಗಟು ಯಾರಾದರೂ ಬಿಡಿಸಿದರೆ ಅಮ್ಮನನ್ನು ಬಿಡಲೇಬೇಕೆಂದು ಮಗಳು ಹಟ ಹಿಡಿದಿದ್ದಳು. ಅವಳದು ಕೈಮಾತು. ಅದಕ್ಕೆ ದನಿ ಕೊಡುವವಳು ದಾದಿ ಸಾತಕ್ಕ. ಅರಮನೆಯ ಸಭೆಯಲ್ಲಿ ಅವಳು ಮೊದಲ ಒಗಟು ಹೇಳಿದಳು.

"ಅಪ್ಪ ಹೊತ್ತಿದ್ದಾನೆ, ಕಾಣುವುದಿಲ್ಲ. ಅಮ್ಮ ಹೊತ್ತಿದ್ದಾಳೆ, ಕಾಣುವುದಿಲ್ಲ. ಮಗುವಿನಲ್ಲಿ ಮಾತ್ರ ಕಾಣುತ್ತದೆ. ಏನದು?"

"ಪಾಪ" ಅಂದ ಪಡುವಣದ ರಾಜಕುಮಾರ. "ಗ್ರಹಣದ ನೆರಳು" ಅಂದ ಜೋಯಿಸರ ಮಗ. ಇಬ್ಬರನ್ನೂ ಸೆರೆಗೆ ಎಳೆದೊಯ್ದರು.

ಅಮಾವಾಸ್ಯೆಯ ಬೆಳಿಗ್ಗೆ ಕುರಿ ಕಾಯುವ ಮಾಳಿಂಗ ಕಂಬಳಿ ಹೊದ್ದು ಬಂದು ನಿಂತ.

"ಏನಯ್ಯಾ, ಕುರಿ ತಪ್ಪಿಸಿಕೊಂಡು ಅರಮನೆಗೆ ನುಗ್ಗಿದವೇನು?" ಎಂದು ಮಂತ್ರಿ ನಕ್ಕ.

"ಇಲ್ಲ ಬುದ್ಧಿ, ಕುರಿಗಳೇ ಉತ್ತರ ಹೇಳಿಕೊಟ್ಟು ಕಳಿಸಿದವು. ನನ್ನ ಟಗರು ಬಿಳಿ, ತಾಯಿ ಕುರಿಯೂ ಬಿಳಿ. ಆದರೂ ಒಮ್ಮೊಮ್ಮೆ ಕಪ್ಪು ಮರಿ ಹುಟ್ಟುತ್ತೆ. ಇಬ್ಬರ ರಕ್ತದಲ್ಲೂ ಕಪ್ಪು ಅಡಗಿ ಕೂತಿರುತ್ತೆ. ಕಿವುಡೂ ಹಾಗೇ ಅಡಗಿರುತ್ತೆ."

ಸಾತಕ್ಕ ಅದನ್ನು ಕೈಮಾತಲ್ಲಿ ತಿಳಿಸಿದಾಗ ಕೇತಲೆಯ ಕಣ್ಣು ಅರಳಿತು. ಕೈ ಮತ್ತೆ ಆಡಿತು.

"ಒಂಟಿಯಾಗಿದ್ದರೆ ನಿದ್ದೆ ಮಾಡುತ್ತದೆ, ಜೋಡಿ ಸಿಕ್ಕರೆ ಏಳುತ್ತದೆ. ಆ ಜೋಡಿ ಬೇಗ ಸಿಗುವುದೆಲ್ಲಿ?"

"ಒಂದೇ ಮಂದೆಯೊಳಗೆ. ಅದಕ್ಕೇ ನಾವು ಟಗರನ್ನು ದೂರದ ಮಂದೆಯವರ ಜೊತೆ ಬದಲಿಸಿಕೊಳ್ತೀವಿ. ಅರಮನೆಯಲ್ಲಿ ಸೋದರಮಾವನೇ ಅಕ್ಕನ ಮಗಳನ್ನು ಮದುವೆಯಾಗೋದು ವಾಡಿಕೆ. ಒಬ್ಬ ತಾಯಿಯೊಳಗೆ ಅಡಗಿದ್ದು ಮಗನಿಗೂ ಬಂತು, ಮಗಳ ಮೂಲಕ ಮೊಮ್ಮಗಳಿಗೂ ಬಂತು ಅನ್ನಿ. ಅವರಿಬ್ಬರಿಗೇ ಮದುವೆಯಾದರೆ ಎರಡೂ ಒಂದೇ ತೊಟ್ಟಿಲಲ್ಲಿ ಕೂಡಬಹುದು."

ರಾಣಿ ದೊರೆಯ ಅಕ್ಕನ ಮಗಳೇ.

ಸಾತಕ್ಕ ಮೂರನೆಯದನ್ನು ಹೇಳಿದಳು. "ಕೊಟ್ಟವರು ಇಬ್ಬರು. ಒಬ್ಬರು ಬುರುಜಿನಲ್ಲಿದ್ದಾರೆ. ಇನ್ನೊಬ್ಬರೆಲ್ಲಿ?"

ಹೇಳದಿದ್ದರೆ ತಲೆ ಹೋಗುತ್ತದೆ, ಹೇಳಿದರೂ ಹೋದೀತು. ಮಾಳಿಂಗ ಕೈಯೆತ್ತಿ ಸಿಂಹಾಸನ ತೋರಿಸಿದ.

"ತಪ್ಪು ಅಂತಲ್ಲ ದೊರೆ. ತನ್ನೊಳಗೆ ಏನು ಅಡಗಿದೆಯೋ ಯಾರು ಕಂಡಿದ್ದಾರೆ? ಆದ್ರೆ ರಾಣಿಯಮ್ಮ ಅರ್ಧ ಕೊಟ್ರು, ಇನ್ನರ್ಧ ನೀವು ಕೊಟ್ರಿ."

ಕತ್ತಿಯ ಹಿಡಿಗೆ ಹೋದ ದೊರೆಯ ಕೈ ಅಲ್ಲೇ ನಿಂತಿತು. ಅವನು ತನ್ನ ಅಂಗೈಯನ್ನೇ ನೋಡಿದ. ತಾಯಿ, ಅಜ್ಜಿ, ಹೆಸರೂ ಗೊತ್ತಿಲ್ಲದ ಎಷ್ಟೋ ಮಂದಿ ಸದ್ದಿಲ್ಲದೆ ಅದರೊಳಗೆ ನಡೆದಾಡುತ್ತಿರುವಂತೆ ಅವನಿಗೆ ಅನ್ನಿಸಿತು. ಎದ್ದು ಬರಿಗಾಲಲ್ಲೇ ಬುರುಜಿಗೆ ಹೋಗಿ ತಾನೇ ಬೀಗ ತೆಗೆದು ರಾಣಿಯನ್ನು ಸಭೆಗೆ ಕರೆತಂದ. ಸೆರೆಯಲ್ಲಿದ್ದವರಿಗೂ ಬಿಡುಗಡೆಯಾಯಿತು.

"ಅರ್ಧ ರಾಜ್ಯ ನಿನ್ನದು ಮಾಳಿಂಗ. ಕುವರಿಯ ಮಾತು ಕುವರಿಯೇ ಹೇಳಲಿ."

ಕೇತಲೆಯ ಕೈ ನೋಡಿ ಸಾತಕ್ಕ ನಕ್ಕಳು. "ಒಪ್ಪಿಗೆಯಂತೆ. ಆದರೆ ಹುಡುಗ ಮೊದಲು ಕೈಮಾತು ಕಲಿಯಬೇಕಂತೆ."

ಮಾಳಿಂಗ ತಲೆಯಾಡಿಸಿದ. ದೊರೆ ಮಾತ್ರ ತಾಯಿ ಮಗಳ ಮುಂದೆ ನಿಂತೇ ಇದ್ದ. ಕೊನೆಗೆ ಮೆಲ್ಲಗೆ ಕೇಳಿದ:

"ಸಾತಕ್ಕಾ, 'ತಪ್ಪಾಯಿತು' ಅನ್ನೋದಕ್ಕೆ ಕೈ ಹೇಗೆ ಹಿಡಿಯಬೇಕು?"